ಅವ್ವನ ಎಡೆಗೆ ನಾನು ಕರಿದ ಪೂರಿ

ಪೂರಿ ಉಬ್ಬುವುದು ಒಳಗಿನ ಹಬೆಯಿಂದ. ಚನ್ನಗಿರಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿರುವ ನನಗೆ ಇದು ಚೆನ್ನಾಗಿ ಗೊತ್ತು. ಕಾರಣ ಗೊತ್ತಿದ್ದ ಮೇಲೆ ಕರಿಯುವುದೇನು ಮಹಾ ಕೆಲಸ ಎಂದುಕೊಂಡಿದ್ದೆ.

ಅವ್ವ ತೀರಿಕೊಂಡ ಮೇಲೆ ಬಂದ ಮೊದಲ ಮಹಾಲಯ ಅಮಾವಾಸ್ಯೆ ಅದು. ಹಿರಿಯರಿಗೆ ಎಡೆ ಇಡುವಾಗ ಅವರಿಗೆ ಇಷ್ಟವಾದದ್ದನ್ನು ಬಡಿಸಬೇಕು. ಅವ್ವನಿಗೆ ಇಷ್ಟವಾದದ್ದು ಪೂರಿ. ನಮ್ಮ ಹಳ್ಳಿ ಉಬ್ರಾಣಿಯಿಂದ ಪೇಟೆಗೆ ಬಂದಾಗಲೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಒಂದು ಪ್ಲೇಟ್ ತರಿಸಿಕೊಂಡು, ಉಬ್ಬಿದ ಪೂರಿಗೆ ಬೆರಳು ಚುಚ್ಚಿ, ಹಬೆ ಹೊರಗೆ ಬರುವುದನ್ನು ನೋಡಿ ನಗುತ್ತಿದ್ದಳು. ನಾನು ಎದುರಿಗೆ ಕೂತು ಹಬೆಯ ಪಾಠ ಮಾಡುತ್ತಿದ್ದೆ. "ಇಷ್ಟೆಲ್ಲ ಗೊತ್ತೈತಲ್ಲ, ಒಂದಿನ ನೀನೇ ಮಾಡಿಕೊಡು" ಎಂದಿದ್ದಳು. ಆಗಲಿ ಎಂದಿದ್ದೆ. ಆ ಒಂದು ದಿನ ಬರುವ ಮೊದಲೇ ಹೋಗಿಬಿಟ್ಟಳು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ಅಮಾವಾಸ್ಯೆಯ ದಿನ ಬೆಳಿಗ್ಗೆ, ಪೂರಿಯ ಸಂಪೂರ್ಣ ಜವಾಬ್ದಾರಿ ನನ್ನದೆಂದು ಹೆಂಡತಿ ಶೈಲಾಳಿಗೆ ಅಧಿಕೃತವಾಗಿ ತಿಳಿಸಿದೆ. ಹೋಳಿಗೆ ಹೇಗೂ ತಾನೇ ಮಾಡುತ್ತಿರುವುದರಿಂದ ಪೂರಿಯನ್ನೂ ಕರಿದುಬಿಡುತ್ತೇನೆ ಎಂದಳು. ಅವ್ವ ಕೇಳಿದ್ದು ನನ್ನ ಕೈಯಿಂದ ಎಂದೆ. ಅವಳು ಒಲೆ ಬಿಟ್ಟುಕೊಟ್ಟಳು.

ಎಡೆಗೆ ಇಡುವ ಮೊದಲು ಯಾರೂ ರುಚಿ ನೋಡಬಾರದು ಎಂಬುದು ನಮ್ಮಲ್ಲಿ ನಿಯಮ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಾಸನೆಯೂ ತಾಗಬಾರದೆಂದು ಮೂಗು ಬಾಯಿ ಸೇರಿಸಿ ಟವೆಲ್ ಕಟ್ಟಿಕೊಂಡೆ.

"ರುಚಿ ನೋಡಬಾರದು ಅಂದ್ರೆ ಉಸಿರು ಕಟ್ಕೊಂಡು ನಿಂದ್ರಾಕೆ ಹೇಳಿಲ್ರೀ" ಎಂದು ಹೇಳಿ ಶೈಲಾ ನಡುಮನೆಗೆ ಹೋದಳು.

ಹಿಟ್ಟಿಗೆ ನೀರು ಹೆಚ್ಚಾಯಿತು. ಹಿಟ್ಟು ಸೇರಿಸಿದೆ. ಹಿಟ್ಟು ಹೆಚ್ಚಾಯಿತು. ನೀರು ಸೇರಿಸಿದೆ. ಹೀಗೆ ಒಂದು ಬಟ್ಟಲಿನಿಂದ ಶುರುವಾದದ್ದು ಕೊನೆಗೆ ಒಂದು ಕೊಳಗದ ತುಂಬ ಆಯಿತು. ಕಲಸಿದ್ದನ್ನು ಮದುವೆ ಮನೆಗೆ ಹಂಚಬಹುದಿತ್ತು!

ಇನ್ನು ಎಣ್ಣೆ. ಅಡುಗೆಮನೆಯಲ್ಲಿದ್ದ ಎಣ್ಣೆಯಲ್ಲಿ ಹಿಂದಿನ ದಿನ ಮೆಣಸಿನಕಾಯಿ ಬಜ್ಜಿ ಕರಿದು ತಿಂದಿದ್ದೆವು. ಎಡೆಗೆ ಅದು ಸಲ್ಲದು, ಯಾರೂ ಮುಟ್ಟದ ಎಣ್ಣೆಯೇ ಬೇಕು ಎಂದು ನನ್ನ ಭಕ್ತಿ ಹಟ ಹಿಡಿಯಿತು. ಜಗಳೂರಿಗೆ ಕೊಟ್ಟಿರುವ ನನ್ನ ತಂಗಿ ಗಿರಿಜ ವರ್ಷಕ್ಕೊಂದು ಕ್ಯಾನು ಗಾಣದ ಶೇಂಗಾ ಎಣ್ಣೆ ಕಳಿಸುತ್ತಾಳೆ. ಸ್ಟೂಲು ಹತ್ತಿ ನೋಡಿದರೆ ಅಟ್ಟದ ಮೇಲೆ ಎರಡು ಕ್ಯಾನುಗಳಿದ್ದವು. ಒಂದರ ಬಾಯಿಗೆ ಸೀರೆಯ ಚೂರು ಬಿಗಿಯಾಗಿ ಕಟ್ಟಿತ್ತು. ಇಷ್ಟು ಜೋಪಾನ ಮಾಡುವವಳು ತಂಗಿಯಲ್ಲದೆ ಇನ್ಯಾರು ಎಂದು ಅದನ್ನೇ ಇಳಿಸಿದೆ.

ಬಾಣಲೆಗೆ ಸುರಿದಾಗ ಎಣ್ಣೆ ಜೇನಿನಂತೆ ನಿಧಾನವಾಗಿ ಇಳಿಯಿತು. ಗಾಣದ್ದು, ಅದಕ್ಕೇ ಇಷ್ಟು ಗಟ್ಟಿ ಎಂದು ಮೆಚ್ಚಿಕೊಂಡೆ. ಕಾದಾಗ ನೊರೆ ಬಂತು. ಶುದ್ಧತೆಯ ಲಕ್ಷಣ ಎಂದುಕೊಂಡೆ. ಮೊದಲ ಪೂರಿ ತಳ ಸೇರಿತು. ಎರಡನೆಯದು ಹಪ್ಪಳವಾಯಿತು. ಆಮೇಲಿನವು ಏನಾದವೆಂದು ಹೇಳುವುದು ಕಷ್ಟ. ಹಬೆ ತನ್ನ ಕರ್ತವ್ಯವನ್ನು ಸಂಪೂರ್ಣವಾಗಿ ಮರೆತಿತ್ತು. ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಅವ್ವನ ನೆನಪಿಗೂ ಬರುತ್ತಿತ್ತು. ಹತ್ತೊಂಬತ್ತನೆಯದು ಇದ್ದಕ್ಕಿದ್ದಂತೆ ಗುಂಡಗೆ ಉಬ್ಬಿತು. ಟವೆಲಿನ ಒಳಗಿನಿಂದಲೇ "ಅವ್ವಾ" ಎಂದೆ.

ನಡುಮನೆಯಲ್ಲಿ, ಎಡೆಗೆಂದು ಊರಿನಿಂದ ಬಂದಿದ್ದ ಗಿರಿಜ ಮತ್ತು ಶೈಲಾ ಅವ್ವನ ಫೋಟೋ, ಹೊಸ ಸೀರೆ ಇಟ್ಟು ಲೋಬಾನ ಹಾಕಿದ್ದರು. ಆ ಹೊಗೆಯಲ್ಲಿ ಬೇರೆ ಯಾವ ವಾಸನೆಯೂ ತಿಳಿಯುವಂತಿರಲಿಲ್ಲ. ಉಬ್ಬಿದ ಪೂರಿಯನ್ನು ಎಲೆಯ ನಡುವೆ ಇಟ್ಟು ಕೈಮುಗಿದೆವು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಹೊರಗೆ ಕಟ್ಟೆಯ ಮೇಲೆ ಕೂತೆವು. ಆಗ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡೆ.

ನನ್ನ ಕೈಯಿಂದ ಏನೋ ಗುರುತಿನ ವಾಸನೆ ಬಂತು. ನಲವತ್ತು ವರ್ಷ ಹಳೆಯ ಗುರುತು.

ಪಕ್ಕದಲ್ಲಿದ್ದ ಗಿರಿಜ ನನ್ನ ಕೈ ಎಳೆದುಕೊಂಡು ಮೂಸಿದಳು. "ಅಣ್ಣ, ಬಟ್ಟೆ ಕಟ್ಟಿದ ಕ್ಯಾನಿಂದು ಹಾಕಿದ್ಯಾ? ಅದು ಅವ್ವಂದು. ಹರಳೆಣ್ಣೆ."

ನಾವು ಚಿಕ್ಕವರಿದ್ದಾಗ ಅವ್ವ ತಿಂಗಳಿಗೊಮ್ಮೆ, ಹೊಟ್ಟೆ ಶುದ್ಧವಾಗಲೆಂದು, ಒಂದು ಚಮಚ ಹರಳೆಣ್ಣೆ ಕುಡಿಸುತ್ತಿದ್ದಳು. ಕುಡಿಸುತ್ತಿದ್ದದ್ದು ಗಿರಿಜಳಿಗೆ. ನಾನು ಬೇವಿನ ಮರ ಹತ್ತಿ ಕೂತಿರುತ್ತಿದ್ದೆ. ಮರದ ಬುಡದಲ್ಲಿ ಕರೆದು ಕರೆದು ಸಾಕಾಗಿ, ತೆಗೆದ ಎಣ್ಣೆ ದಂಡವಾಗಬಾರದೆಂದು ಅವ್ವ ನನ್ನ ಪಾಲನ್ನೂ ಗಿರಿಜಳ ಬಾಯಿಗೇ ಹಾಕುತ್ತಿದ್ದಳು. ನಾನು ಅಟ್ಟದಿಂದ ಇಳಿಸಿದ್ದು ಅವ್ವ ಬಿಟ್ಟುಹೋದ ಕೊನೆಯ ಕ್ಯಾನು. ಅವಳೇ ಕಟ್ಟಿದ ಗಂಟು ಬಿಚ್ಚಲು ಮನಸ್ಸಾಗದೆ ಶೈಲಾ ಅದನ್ನು ಅಟ್ಟದ ಮೇಲೆ ಇಟ್ಟಿದ್ದಳಂತೆ.

ಶೈಲಾ ಎಡೆ ತೆಗೆಯಲು ಎದ್ದಳು. ಗಿರಿಜ ಸೆರಗು ಹಿಡಿದು ಕೂರಿಸಿದಳು. "ಉಣ್ಣಾಕೆ ಕೂತೋರನ್ನ ಎಬ್ಬಿಸಬಾರದು ಅತ್ತಿಗೆ."

ನಾನು ತಲೆ ತಗ್ಗಿಸಿ ಕೂತೆ. ಅವ್ವ ಕೇಳಿದ್ದು ಒಂದೇ ಒಂದು. ಅದನ್ನೂ ಹೀಗೆ ಮಾಡಿದೆನಲ್ಲ ಎಂದು ನಿಜವಾಗಿಯೂ ಅಳು ಬಂತು. ಈ ಸಲ ಹೊಗೆ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದೆವು. ಎಲೆಯ ನಡುವಿನ ಪೂರಿ ಕುಸಿದು ಚಪ್ಪಟೆಯಾಗಿತ್ತು.

"ಅವ್ವ ಬೆರಳು ಇಟ್ಟಾಳೆ ನೋಡು" ಎಂದಳು ಗಿರಿಜ. ಅವಳ ಕಣ್ಣು ತುಂಬಿತ್ತು. ಹಬೆ ತಣ್ಣಗಾದರೆ ಪೂರಿ ಕುಸಿಯುತ್ತದೆ ಎಂದು ನನಗೆ ಗೊತ್ತು. ಅವತ್ತು ಪಾಠ ಮಾಡಲಿಲ್ಲ.

ಅವಳು ಅದೇ ಪೂರಿಯನ್ನು ಎತ್ತಿ ನನ್ನ ಬಾಯಿಯ ಹತ್ತಿರ ಹಿಡಿದಳು. "ಪ್ರಸಾದ, ಬ್ಯಾಡ ಅನ್ನಬಾರದು. ನಿನ್ನ ಪಾಲಿಂದು ನಾನು ಕುಡಿದಿದ್ದು ಸಾಕು."

ಹತ್ತಲು ಹತ್ತಿರದಲ್ಲಿ ಮರವಿರಲಿಲ್ಲ. ಪೂರ್ತಿ ತಿಂದೆ. ಐವತ್ತೆರಡನೆಯ ವಯಸ್ಸಿನಲ್ಲಿ ಅವ್ವ ಕಡೆಗೂ ನನ್ನನ್ನು ಹಿಡಿದಳು.

ಚಿಕ್ಕಂದಿನಲ್ಲಿ ಹರಳೆಣ್ಣೆ ಎಂದರೆ ಓಡುತ್ತಿದ್ದೆ. ಅವತ್ತು ಸಂಜೆಯೂ ಓಡಿದೆ. ಆರು ಸಲ. ಬೇವಿನ ಮರದ ಕಡೆಗಲ್ಲ.