ಗದ್ದ ಸ್ವಲ್ಪ ಮೇಲೆ!

"ಮನುಷ್ಯರ ಮುಖ ತೆಗೆದಿದ್ದು ಸಾಕು! ಇನ್ಮೇಲೆ ನನ್ನ ಕ್ಯಾಮೆರಾ ಏನಿದ್ರೂ ಚಿರತೆಗಳ ಕಡೆಗೆ!" ಎಂದು ಗದ್ದಣ್ಣ ಊಟದ ಮೇಜು ಗುದ್ದಿ ಘೋಷಿಸಿದ. ನೀರಿನ ಲೋಟ ಉರುಳಿತು.

"ಚಿರತೆ ಆಮೇಲಾಯ್ತು. ಮೊದಲು ಮೇಜು ಒರೆಸಿ," ಎಂದಳು ಹೆಂಡತಿ.

ಗದ್ದಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬೀದಿ ಮೂಲೆಯ ಅವನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಗೆಂದು ಸ್ಟೂಲಿನ ಮೇಲೆ ಕುಳಿತವರೆಲ್ಲ ಕೇಳಿಸಿಕೊಳ್ಳುವ ಮೊದಲ ಮಾತು "ಗದ್ದ ಸ್ವಲ್ಪ ಮೇಲೆ!" ಎರಡನೆಯದು "ಅಲ್ಲಾಡ್ಬೇಡಿ!" ಮೂರನೆಯ ಮಾತಿಲ್ಲ, ಅಷ್ಟರಲ್ಲಿ ಫೋಟೋ ಮುಗಿದಿರುತ್ತದೆ. ಊರಿನ ಮುಕ್ಕಾಲು ಪಾಲು ಜನ ಅವನ ದಯೆಯಿಂದ, ಕದ್ದು ಸಿಕ್ಕಿಬಿದ್ದವರಂತೆ ಬಿಳಿ ಗೋಡೆಯ ಮುಂದೆ ನೆಟ್ಟಗೆ ಕುಳಿತು, ತಮ್ಮ ತಮ್ಮ ಗುರುತಿನ ಚೀಟಿಗಳಲ್ಲಿ ಅಮರರಾಗಿದ್ದರು. ಆದರೆ ಗದ್ದಣ್ಣ ಮಾತ್ರ ಆ ಬಿಳಿ ಗೋಡೆಯ ಆಚೆಗೆ ಏನನ್ನೂ ನೋಡಿರಲಿಲ್ಲ. ಆ ಕೊರಗು ಅವನಿಗೆ ನಿಜವಾಗಿಯೂ ಇತ್ತು.

ಆದ್ದರಿಂದಲೇ ಈ ಪ್ರವಾಸ! ದೇಶದ ಈ ತುದಿಯ ಮರುಭೂಮಿಯಿಂದ ಆ ತುದಿಯ ಹಿಮಬೆಟ್ಟದವರೆಗೆ. ನಡುವೆ ಕೊಕ್ಕರೆಗಳ ಕೆರೆ, ಕರಡಿಗಳ ಕಾಡು, ಮೊಸಳೆಗಳ ಜೌಗು. ಬರೀ ಕ್ಯಾಮೆರಾದವರೇ ಸೇರಿ ಹೊರಡುವ ತಂಡ. ಗದ್ದಣ್ಣ ಅಂದೇ ದೊಡ್ಡದೊಂದು ಭೂಪಟ ತಂದು, ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿಯ ಮೇಲೆಯೇ ಅಂಟಿಸಿದ. ಪಾಪ, ಜನ ಮರುಭೂಮಿಯನ್ನು ನೋಡಿಕೊಂಡೇ ಬೈತಲೆ ತೆಗೆಯಬೇಕಾಯಿತು.

ಆದರೆ ತಂಡದಲ್ಲಿ ಉಳಿದಿದ್ದದ್ದು ಒಂದೇ ಸೀಟು. ತಂಡವನ್ನು ಕರೆದೊಯ್ಯುವ ಮೇಡಂ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: "ಆ ಸೀಟಿಗೆ ಇನ್ನೂ ಕೆಲವರು ಕಾಯ್ತಿದ್ದಾರೆ. ಶನಿವಾರ ಆಫೀಸಿಗೆ ಬನ್ನಿ. ನೀವೇ ತೆಗೆದಿರೋ ಒಂದು ಪ್ರಾಣಿದೋ ಪಕ್ಷಿದೋ ಫೋಟೋ ತನ್ನಿ. ನೋಡಿ ಹೇಳ್ತೀನಿ."

ಗದ್ದಣ್ಣನ ಮೈಯೆಲ್ಲ ಉರಿದುಹೋಯಿತು. "ನನಗೇ ಪರೀಕ್ಷೆನಾ? ಈ ಊರಿನ ಮೇಯರ್ ಗದ್ದ ಎತ್ತಿಸಿದವನು ನಾನು! ನ್ಯಾಯಾಧೀಶರಿಗೆ ಅಲ್ಲಾಡ್ಬೇಡಿ ಅಂದವನು ನಾನು!"

"ಹಾಗಂತ ಕರಡಿ ಹತ್ರಾನೂ ಹೇಳಿ. ಅದಕ್ಕೂ ಗೊತ್ತಾಗ್ಲಿ," ಎಂದಳು ಹೆಂಡತಿ.

ಮರುದಿನ ಬೆಳಿಗ್ಗೆ ತಾರಸಿಯ ನೀರಿನ ಟ್ಯಾಂಕಿನ ಮೇಲೊಂದು ಕಾಗೆ ಬಂದು ಕೂತಿತು. ಗದ್ದಣ್ಣ ಉಸಿರು ಬಿಗಿಹಿಡಿದ, ಫೋಕಸ್ ಮಾಡಿದ, ಎಲ್ಲವೂ ಸರಿಯಿತ್ತು. ಆದರೆ ನಾಲಿಗೆ ಸುಮ್ಮನಿರಬೇಕಲ್ಲ!

"ಗದ್ದ ಸ್ವಲ್ಪ ಮೇಲೆ!" ಎಂದು ಗುಡುಗಿಬಿಟ್ಟ.

ಕಾಗೆ ಗದ್ದವನ್ನಷ್ಟೇ ಅಲ್ಲ, ಇಡೀ ದೇಹವನ್ನೇ ಮೇಲಕ್ಕೆತ್ತಿಕೊಂಡು ಹಾರಿಹೋಯಿತು.

"ಶಿಸ್ತು ಅನ್ನೋದೇ ಇಲ್ಲ ಇವಕ್ಕೆ!" ಎಂದು ಅವನು ಆಕಾಶದ ಕಡೆ ಕೈಮಾಡಿ ಕೂಗಾಡಿದ.

ಒದ್ದೆ ಬಟ್ಟೆ ಹರವುತ್ತಿದ್ದ ಹೆಂಡತಿ, "ಅದೇನು ಫೋಟೋ ತೆಗೀರಿ ಅಂತ ನಿಮ್ಮ ಹತ್ರ ಬಂದಿತ್ತೇನ್ರೀ?" ಎಂದಳು.

ಆಮೇಲೆ ಪಕ್ಕದ ಮನೆಯ ಬೆಕ್ಕು. ಹುಲಿಯ ಕುಲವೇ ತಾನೇ, ಅಭ್ಯಾಸಕ್ಕಾಗುತ್ತದೆ ಎಂದು ಗದ್ದಣ್ಣ ಕಾಂಪೌಂಡ್ ಗೋಡೆಯ ಬಳಿ ಹೊಂಚು ಹಾಕಿದ. ಬೆಕ್ಕು ಓರೆಯಾಗಿ ನೋಡುತ್ತಿತ್ತು. ಸ್ಟುಡಿಯೋದಲ್ಲಿ ಓರೆಯಾಗಿ ನೋಡುವವರನ್ನು ಅವನು ಏನು ಮಾಡುತ್ತಾನೆ? ಹತ್ತಿರ ಹೋಗಿ, ಎರಡು ಬೆರಳಲ್ಲಿ ಗದ್ದ ಹಿಡಿದು ಮುಖವನ್ನು ನೇರ ಮಾಡುತ್ತಾನೆ. ಇಲ್ಲೂ ಅದನ್ನೇ ಮಾಡಿದ. ಬೆಕ್ಕು ಅವನ ಅಂಗೈಯಿಂದ ಮೊಣಕೈವರೆಗೆ ಗೀರೆಳೆದು ಟಚಪ್ ಮಾಡಿ ಕಳಿಸಿತು.

"ಯಾವ ಪ್ರಾಣಿ?" ಎಂದು ಕೇಳಿದರು, ಸೂಜಿ ಹಿಡಿದ ಡಾಕ್ಟರು.

"ಹುಲಿ ಜಾತಿದು," ಎಂದ ಗದ್ದಣ್ಣ ಗಂಭೀರವಾಗಿ.

"ಮಿಯಾಂವ್ ಅನ್ನೋ ಹುಲಿ ಡಾಕ್ಟ್ರೇ," ಎಂದಳು ಹೆಂಡತಿ.

ಶುಕ್ರವಾರವಾದರೂ ಕೈಯಲ್ಲಿ ಒಂದು ಫೋಟೋ ಇಲ್ಲ. ಗದ್ದಣ್ಣ ಕೂತಲ್ಲಿ ಕೂರದೆ ನಿಂತಲ್ಲಿ ನಿಲ್ಲದೆ ಜಗತ್ತಿನ ಸಕಲ ಪ್ರಾಣಿಗಳನ್ನೂ ಶಪಿಸುತ್ತಿದ್ದ. ಕೊನೆಗೆ ಹೆಂಡತಿಗೇ ಕನಿಕರ ಬಂತು. ಗಾಯಕ್ಕೆಂದು ತಂದ ಅಂಟುಪಟ್ಟಿಯಲ್ಲಿ ಒಂದು ದೊಡ್ಡ ತುಂಡು ಕತ್ತರಿಸಿ ಅವನ ಬಾಯಿಗೇ ಹಚ್ಚಿ, "ಈಗ ಹೋಗಿ ತೆಗೀರಿ," ಎಂದು ತಾರಸಿಗೆ ತಳ್ಳಿದಳು.

ಸಂಜೆಯಾಗುತ್ತಿತ್ತು. ಹಿಂದಿನ ಓಣಿಯ ಮುರಿದ ಗೋಡೆಯ ಮೇಲೆ ಒಂದು ಗೂಬೆ! ಅದರ ಹಿಂದೆ ಕಪ್ಪು ಮೋಡ ಸೀಳಿ ಬಂದ ಕೆಂಪು ಬೆಳಕು, ಬಿರುಕಿನಲ್ಲಿ ಬೆಳೆದ ಹುಲ್ಲು, ಕೆಳಗೆ ಆಗತಾನೇ ದೀಪ ಹೊತ್ತಿಸಿಕೊಳ್ಳುತ್ತಿದ್ದ ಊರು. ಗೂಬೆ ನೆಟ್ಟಗೆ ಕೂತು ಲೆನ್ಸನ್ನೇ ದಿಟ್ಟಿಸಿ ನೋಡಿತು. ಗದ್ದ ಮೇಲಿತ್ತು. ಅಲ್ಲಾಡಲಿಲ್ಲ. ಕಣ್ಣು ಕೂಡ ಮಿಟುಕಿಸಲಿಲ್ಲ! ಇಷ್ಟು ವರ್ಷಗಳಲ್ಲಿ ಇಂಥ ಗಿರಾಕಿ ಅವನಿಗೆ ಸಿಕ್ಕಿರಲಿಲ್ಲ. ಕ್ಲಿಕ್!

ಕ್ಯಾಮೆರಾದಲ್ಲಿ ಫೋಟೋ ನೋಡಿದ ಹೆಂಡತಿಗೆ ಮೊದಲ ಬಾರಿ ಕುಹಕ ಹೊಳೆಯಲಿಲ್ಲ. "ರೀ, ಎಷ್ಟು ಚೆನ್ನಾಗಿದೆ! ಹೀಗೇ ತಗೊಂಡು ಹೋಗಿ. ಏನೂ ಮಾಡೋಕೆ ಹೋಗ್ಬೇಡಿ."

ಗದ್ದಣ್ಣ ಅಂಟುಪಟ್ಟಿ ಕಿತ್ತ. ಜೊತೆಗೆ ಅರ್ಧ ಮೀಸೆಯೂ ಬಂತು. "ಏನೂ ಮಾಡ್ದೆ ಕೊಡೋದಾ? ಕಸುಬು ಗೊತ್ತಿರೋನು ಹಸಿ ಫೋಟೋ ಕೊಡ್ತಾನೇನೇ? ನನ್ನ ಮರ್ಯಾದೆ ಏನಾಗ್ಬೇಕು!" ಎಂದು ರೇಗಿ ಸ್ಟುಡಿಯೋಗೆ ಓಡಿದ.

ಶನಿವಾರ ಮೇಡಂ ಅವನು ಕೊಟ್ಟ ಕವರು ತೆರೆದರು. ಒಳಗಿನ ಹಾಳೆಯಿಂದ ಎಂಟು ಗೂಬೆಗಳು ಒಟ್ಟಿಗೆ ಅವರನ್ನು ದಿಟ್ಟಿಸಿದವು. ಪಾಸ್‌ಪೋರ್ಟ್ ಸೈಜು, ಎಂಟು ಕಾಪಿ, ಅಂಚು ಸಮವಾಗಿ ಕತ್ತರಿಸಲು ಗೆರೆ ಬೇರೆ!

"ಇದರ ರೆಕ್ಕೆ ಎಲ್ಲಿ?"

"ಭುಜದಿಂದ ಕೆಳಗೆ ತೋರಿಸೋ ಹಾಗಿಲ್ಲ ಮೇಡಂ."

"ಅದು ಕೂತಿದ್ದ ಜಾಗ? ಆಕಾಶ?"

"ಎಲ್ಲ ತೆಗೆದು ಬೆಳ್ಳಗೆ ಮಾಡಿದ್ದೀನಿ. ಹಿಂದೆ ಮೋಡ, ಹುಲ್ಲು ಅಂತ ತುಂಬಾ ಗಲೀಜಿತ್ತು. ಕಿವಿ ಎರಡೂ ಕಾಣ್ಬೇಕಿತ್ತು, ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ."

ಮೇಡಂ ತಲೆ ಹಿಡಿದುಕೊಂಡರು. "ಮೂಲ ಫೋಟೋ ಆದ್ರೂ ಇದೆಯಾ?"

"ಅಳಿಸಿಬಿಟ್ಟೆ. ಗಿರಾಕಿದು ಕೆಟ್ಟ ಫೋಟೋ ಇಟ್ಕೊಳ್ಳೋ ಜಾತಿಯವನಲ್ಲ ನಾನು!"

ಸೀಟು ಬೇರೆಯವರ ಪಾಲಾಯಿತು. ಗದ್ದಣ್ಣ ಕುದಿಯುತ್ತ ಎದ್ದು ಬಾಗಿಲವರೆಗೆ ಹೋದ. ಹಾಳೆಯನ್ನೇ ನೋಡುತ್ತಿದ್ದ ಮೇಡಂ ಥಟ್ಟನೆ, "ನಿಲ್ಲಿ ಸಾರ್!" ಎಂದರು.

ಹೊರಗೆ ಮೆಟ್ಟಿಲ ಬಳಿ ಕಾಯುತ್ತಿದ್ದ ಹೆಂಡತಿ ಆತುರದಿಂದ ಎದ್ದು ಬಂದಳು. "ಏನಂದ್ರು?"

"ಫೋಟೋ ತುಂಬಾ ಮೆಚ್ಕೊಂಡ್ರು."

"ಹೌದಾ! ಮತ್ತೆ?"

"ಕಾಡಿನ ಪರವಾನಗಿಗೆ ತಂಡದವರು ಕೊಟ್ಟಿದ್ದ ಫೋಟೋಗಳು ಹಿನ್ನೆಲೆ ಸರಿಯಿಲ್ಲ ಅಂತ ವಾಪಸ್ ಬಂದಿವೆಯಂತೆ. ಎಲ್ಲರನ್ನೂ ಸೋಮವಾರ ಸ್ಟುಡಿಯೋಗೆ ಕಳಿಸ್ತಾರಂತೆ. ಗೂಬೆಗೆ ಮಾಡಿದ ಹಾಗೇ ಮಾಡಿಕೊಡಿ ಅಂದ್ರು. ಆಮೇಲೆ ಅವ್ರು ಮರುಭೂಮಿಗೆ ಹೊರಡ್ತಾರೆ."

"ನೀವು?"

"ನಾನು ನಾಳೆ ಗೋಡೆಗೆ ಇನ್ನೊಂದು ಸಲ ಸುಣ್ಣ ಹೊಡೀಬೇಕು ಕಣೇ."