ಕಂಬದ ಹಿಂದಿನ ಜಾಗ

ನಮ್ಮ ಚಿಕ್ಕಪ್ಪ ಸ್ವರ್ಗಕ್ಕೆ ಹೋದರೆ ಮೊದಲು ಮಾಡುವ ಕೆಲಸ, ಅಲ್ಲಿರುವವರನ್ನೆಲ್ಲ ಎಬ್ಬಿಸಿ ಅವರವರ ಜಾಗದಲ್ಲಿ ಕೂರಿಸುವುದು. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ!

ಎಸ್ಟೇಟಿನಲ್ಲಿ ಅವರು ಮೇಸ್ತ್ರಿಯಾಗಿದ್ದರು. ಕಾಫಿ ಹಣ್ಣು ಕೊಯ್ಯುವವರಿಗೆ ದಿನಾ ಬೆಳಿಗ್ಗೆ ಸಾಲು ಹಂಚುವುದು ಅವರ ಕೆಲಸ. ಒಬ್ಬರ ಸಾಲಿಗೆ ಇನ್ನೊಬ್ಬರು ಕೈ ಹಾಕಿದರೆ ರಂಪ. ಕೆಲಸದಿಂದ ಅವರು ನಿವೃತ್ತರಾದರು, ಅವರ ಚಟ ನಿವೃತ್ತಿಯಾಗಲಿಲ್ಲ. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಪುಟ್ಟ ಚರ್ಚನ್ನು ಎಸ್ಟೇಟಿನವರೂ ಗಣಿಯವರೂ ಸೇರಿ ಕಟ್ಟಿದ್ದು. ಬಲಗಡೆ ಗಂಡಸರು, ಎಡಗಡೆ ಹೆಂಗಸರು. ಯಾವ ಮನೆಗೆ ಯಾವ ಬೆಂಚು ಎಂಬುದು ಚಿಕ್ಕಪ್ಪನ ತಲೆಯಲ್ಲಿ ಅಚ್ಚಾಗಿತ್ತು.

ಗಣಿ ನಿಂತ ಮೇಲೆ ಒಂದೊಂದೇ ಸಂಸಾರ ಗಂಟುಮೂಟೆ ಕಟ್ಟಿತು. ಕೊನೆಗೆ ಉಳಿದವರು ಒಂಬತ್ತು ಜನ. ಆದರೆ ಹೋದವರ ಜಾಗದಲ್ಲಿ ಕೂರುವಂತಿಲ್ಲ! ಮೂಲೆಗೊಬ್ಬರು ಕೂತು ಹಾಡುತ್ತಿದ್ದೆವು. ಮುಂದಿನವರು ಎರಡನೇ ಚರಣ ಮುಗಿಸಿದರೂ ಹಿಂದಿನವರು ಇನ್ನೂ ಪಲ್ಲವಿಯಲ್ಲಿ. ದೇವರು ಪಾಪ, ಯಾವುದನ್ನು ಕೇಳಿಸಿಕೊಳ್ಳಬೇಕು?

ಒಂದು ಮಳೆಗಾಲದಲ್ಲಿ ಸರಿಯಾಗಿ ನಾನು ಕೂರುವ ಬೆಂಚಿನ ಮೇಲೆಯೇ ಹೆಂಚು ಒಡೆದು ನೀರು ಸೋರಿತು. ಪಕ್ಕದ ಒಣ ಬೆಂಚಿಗೆ ಸರಿದೆ.

"ಏಳು ಮಾರಾಯ. ಅದು ಗಣೀಲಿ ಡಂಪರ್ ಲಾರಿ ಓಡಿಸ್ತಿದ್ರಲ್ಲ, ಅವ್ರ ಮನೇದು."

"ಅವ್ರು ಊರು ಬಿಟ್ಟು ಎಷ್ಟು ವರ್ಷ ಆಯ್ತು ಚಿಕ್ಕಪ್ಪ!"

"ನಾಳೆ ಬಂದ್ರೆ ಎಲ್ಲಿ ಕೂರ್ತಾರೆ?"

ವಾಪಸ್ ನನ್ನ ಬೆಂಚಿಗೇ ಬಂದೆ. ಪೂಜೆ ಮುಗಿಯುವ ತನಕ ಕೊಡೆ ಬಿಡಿಸಿಕೊಂಡೇ ಕೂತೆ. ಎಲ್ಲರೂ ಮುಂದೆ ಬನ್ನಿ ಎಂದು ಕರೆದ ಫಾದರಿಗೂ ಚಿಕ್ಕಪ್ಪ ವಿನಯದಿಂದಲೇ ಹೇಳಿದರು: "ಬೇಕಾದ್ರೆ ನೀವೇ ಹಿಂದೆ ಬನ್ನಿ ಫಾದರ್."

ಚಿಕ್ಕಮ್ಮನ ಜಾಗ ಎಡಗಡೆ, ದಪ್ಪ ಕಂಬದ ಹಿಂದೆ. ಅಲ್ಲಿಂದ ಬಲಿಪೀಠ ಕಾಣುವುದಿಲ್ಲ. ಮುಂದಿನ ಬೆಂಚು ಕೊಡುತ್ತೇನೆಂದು ಚಿಕ್ಕಪ್ಪ ಹೇಳಿದರೂ ಅವರು ಕದಲಲಿಲ್ಲ. "ಇವಳು ಕೈ ಮುಗಿಯೋದು ದೇವ್ರಿಗಲ್ಲ, ಕಂಬಕ್ಕೆ" ಎಂದು ಚಿಕ್ಕಪ್ಪ ಜೀವಮಾನವಿಡೀ ಗೇಲಿ ಮಾಡಿದರು. ಚಿಕ್ಕಮ್ಮ ನಗುತ್ತಿದ್ದರು. ಅವರು ತೀರಿಕೊಂಡ ಮೇಲೂ ಚಿಕ್ಕಪ್ಪ ಆ ಜಾಗಕ್ಕೆ ಯಾರನ್ನೂ ಬಿಡಲಿಲ್ಲ. ತಾವೇ ಧೂಳು ಒರೆಸುತ್ತಿದ್ದರು, ಕೂರುತ್ತಿರಲಿಲ್ಲ. ಹೆಂಗಸರ ಕಡೆಯಲ್ಲವೇ!

ಈಗ ಹೆಂಚಿನ ಮಾಡಿನ ಮರಕ್ಕೆ ಗೆದ್ದಲು ಹಿಡಿದಿದೆ. ಚರ್ಚಿಗೆ ಬೀಗ ಹಾಕುವುದು, ಮುಂದಿನ ತಿಂಗಳಿಂದ ನಾವು ಪೇಟೆಯ ಚರ್ಚಿಗೆ ಹೋಗುವುದು ಎಂದು ತೀರ್ಮಾನವಾಯಿತು. "ಅಲ್ಲಿ ನಮ್ಮ ಜಾಗ ಯಾವುದು?" ಎಂದು ಚಿಕ್ಕಪ್ಪ ಕೇಳಿದರು.

ಮೊನ್ನೆ ಕೊನೆಯ ಪೂಜೆ. ಮುಗಿಸಿ ಹೊರಗೆ ಬಂದರೆ ಚಿಕ್ಕಪ್ಪ ಇಲ್ಲ. ಒಳಗೆ ಹೋಗಿ ನೋಡಿದೆ. ಕಂಬದ ಹಿಂದೆ, ಚಿಕ್ಕಮ್ಮನ ಜಾಗದಲ್ಲಿ ಕೂತಿದ್ದರು.

"ಹೆಂಗಸರ ಕಡೆ ಕೂತಿದ್ದೀರಲ್ಲ!" ಎಂದೆ. ಅವರು ನಗಲಿಲ್ಲ.

"ಬಾ, ಇಲ್ಲಿಂದ ನೋಡು."

ಸರಿದು ಜಾಗ ಕೊಟ್ಟರು. ಕೂತು ನೋಡಿದೆ. ಕಂಬ ಬಲಿಪೀಠವನ್ನು ಪೂರ್ತಿ ಮುಚ್ಚಿತ್ತು. ಅದರ ಪಕ್ಕದಿಂದ ಗಂಡಸರ ಕಡೆಯ ಒಂದೇ ಒಂದು ಬೆಂಚು ನೆಟ್ಟಗೆ ಕಾಣುತ್ತಿತ್ತು. ಅದು ಚಿಕ್ಕಪ್ಪನ ಬೆಂಚು.

"ಇಷ್ಟು ವರ್ಷ ಕಂಬ ಅಂತ ನಗಾಡಿದ್ನಲ್ಲ ಮಾರಾಯ..." ಅವರು ಅಂಗೈಯಿಂದ ಬೆಂಚು ಒರೆಸಿದರು. ನನಗೆ ಅಳು ತಡೆಯಲಾಗಲಿಲ್ಲ.

ಬಾಗಿಲಲ್ಲಿ ಫಾದರ್ ಬೀಗ ಹಿಡಿದು ನಿಂತಿದ್ದರು. ನಾನು ಕೂತದ್ದು ಯಾರ ಜಾಗ ಎಂದು ಹೇಳಿ ಚಿಕ್ಕಪ್ಪ ಅವತ್ತು ನನ್ನನ್ನು ಎಬ್ಬಿಸಲಿಲ್ಲ.