ದೊರೆಯ ಕಿವಿ, ಅರ್ಧ ಬಿಸ್ಕತ್ತು

ಆ ಮನೆಯಲ್ಲಿ ಯಜಮಾನರ ಮಾತು ಕೇಳುವ ಕಿವಿಗಳು ಅಂತ ಇದ್ದದ್ದೇ ಎರಡು. ಎರಡೂ ಜೋತುಬಿದ್ದಿದ್ದವು, ಎರಡೂ ನಾಯಿಯವು. ಹೆಂಡತಿಗೂ ಕಿವಿ ಇತ್ತು, ಅದು ಬೇರೆ ಕೆಲಸಕ್ಕೆ. ಅತ್ತೆಯವರಿಗೆ (ಹೆಂಡತಿಯ ತಾಯಿ, ಮೂರು ತಿಂಗಳಿಗೆಂದು ಬಂದು ಈಗ ಏಳನೇ ವರ್ಷದಲ್ಲಿದ್ದವರು) ಪಕ್ಕದ ಮನೆಯ ಪಿಸುಮಾತೂ ಕೇಳಿಸುತ್ತಿತ್ತು, ಅಳಿಯನ ದನಿ ಮಾತ್ರ ಮುಟ್ಟುತ್ತಿರಲಿಲ್ಲ. ಮಗಳ ಕಿವಿಯಲ್ಲಿ ಸದಾ ಹಾಡಿನ ವೈರು. ಹೀಗಿರುವಾಗ ದೊರೆ ಎಂಬ ಆ ನಾಯಿಯ ಕಿವಿ ವರ್ಷದಲ್ಲಿ ನಾಲ್ಕನೇ ಸಲ ಕೆಂಪಾಗಿ, ವಾಸನೆ ಹೊಡೆದು, ಅದು ದಿನವಿಡೀ ತಲೆ ಕೊಡವತೊಡಗಿದಾಗ ಯಜಮಾನರು ತಾವೇ ಅದರ ರಿಪೇರಿಗೆ ಇಳಿದರು.

ಅವರದು ಕೈಗಡಿಯಾರ ರಿಪೇರಿಯ ಕಸುಬು. ಮುಚ್ಚಳ ತೆಗೆ, ಕೊಳೆ ತೆಗೆ, ಒಂದು ತೊಟ್ಟು ಎಣ್ಣೆ ಬಿಡು, ಆರು ತಿಂಗಳ ಗ್ಯಾರಂಟಿ ಕೊಡು: ಇದು ಮೂವತ್ತು ವರ್ಷಗಳ ತಪಸ್ಸಿನಿಂದ ಅವರು ಕಂಡುಕೊಂಡ ಜೀವನದರ್ಶನ. ದೊರೆಯ ಕಿವಿಗೂ ಅದನ್ನೇ ಅನ್ವಯಿಸಲು ಚಿಮಟ ಹಿಡಿದು ಹೊರಟಿದ್ದರು. ಹೆಂಡತಿ ಚಿಮಟ ಕಸಿದುಕೊಂಡು, ಗಂಡನನ್ನೂ ನಾಯಿಯನ್ನೂ ಒಟ್ಟಿಗೆ ಪ್ರಾಣಿಗಳ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ಒಳಗೆ ಕಡ್ಡಿಗಿಡ್ಡಿ ಏನೂ ಹಾಕ್ಬೇಡಿ," ಎಂದರು ಡಾಕ್ಟರಮ್ಮ, ಕಿವಿಯೊಳಗೆ ಬೆಳಕು ಬಿಟ್ಟು ನೋಡುತ್ತಾ. "ಇದು ಬರೀ ಕಿವಿ ಕಾಯಿಲೆ ಅಲ್ಲ, ಅಲರ್ಜಿ. ಇವನು ತಿನ್ನೋದ್ರಲ್ಲಿ ಯಾವುದೋ ಒಂದು ಮೈಗೆ ಒಗ್ತಿಲ್ಲ ಅಂತ ಕಾಣುತ್ತೆ. ಸೋಂಕಿಗೆ ಔಷಧಿ ಕೊಡ್ತೀನಿ, ಆದ್ರೆ ಕಾರಣ ಸಿಗೋವರೆಗೂ ಅದು ಮತ್ತೆ ಮತ್ತೆ ಬರ್ತಾನೇ ಇರುತ್ತೆ."

"ಪೂರ್ತಿ ವಾಸಿ ಯಾವಾಗ ಆಗುತ್ತೆ ಡಾಕ್ಟ್ರೇ?"

"ಅಲರ್ಜಿ ವಾಸಿ ಆಗಲ್ಲ, ನಿಭಾಯಿಸ್ಕೊಂಡು ಹೋಗ್ಬೇಕು. ಮದುವೆ ಆಗಿದೆಯಲ್ಲ, ನಿಮಗೆ ಹೇಳಿಕೊಡ್ಬೇಕಾ?"

ಹೆಂಡತಿ ನಕ್ಕಳು. ಯಜಮಾನರು ನಗಲಿಲ್ಲ, ಯಾಕೆಂದರೆ ಡಾಕ್ಟರಮ್ಮನ ಮುಂದಿನ ಮಾತು ನೇರವಾಗಿ ಎದೆಗೇ ನಾಟಿತು. ಹೀಗೇ ಬಿಟ್ಟರೆ ಕಿವಿಯ ಒಳದಾರಿ ದಪ್ಪಗಾಗಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಆಪರೇಷನ್ನೇ ಗತಿ, ನಾಯಿ ಕಿವುಡಾದರೂ ಆಗಬಹುದು. ಆದ್ದರಿಂದ ಎಂಟು ವಾರ ಆಸ್ಪತ್ರೆಯವರೇ ಕೊಡುವ ಚೀಲದ ನಾಯಿ ಆಹಾರ ಮತ್ತು ನೀರು ಮಾತ್ರ, ಇನ್ನೊಂದು ಚೂರೂ ಬಾಯಿಗೆ ಹೋಗಕೂಡದು. ದಿನಕ್ಕೊಮ್ಮೆ ಕಿವಿಗೆ ತೊಳೆಯುವ ಔಷಧಿ ತುಂಬಿ, ಬುಡವನ್ನು ಮೆಲ್ಲಗೆ ತಿಕ್ಕಿ, ಹೊರಬಂದದ್ದನ್ನು ಮಾತ್ರ ಹತ್ತಿಯಲ್ಲಿ ಒರೆಸಬೇಕು.

ಮನೆಗೆ ಬಂದವರೇ ಯಜಮಾನರು ಫ್ರಿಜ್ಜಿನ ಬಾಗಿಲಿಗೆ ರಾಜಾಜ್ಞೆ ಅಂಟಿಸಿದರು. 'ದೊರೆಗೆ ಯಾರೂ ಏನನ್ನೂ ತಿನ್ನಿಸತಕ್ಕದ್ದಲ್ಲ. ತಪ್ಪಿದಲ್ಲಿ ಮುಲಾಜಿಲ್ಲ.' ಕಿವಿ ತೊಳೆಯುವ ಕೆಲಸವನ್ನು ತಾವೇ ವಹಿಸಿಕೊಂಡರು. ಮೊದಲ ದಿನ ದೊರೆ ತಲೆ ಕೊಡವಿದ ರಭಸಕ್ಕೆ ಬಚ್ಚಲುಮನೆಯ ಗೋಡೆ, ಕನ್ನಡಿ, ಯಜಮಾನರ ಕನ್ನಡಕ ಎಲ್ಲಕ್ಕೂ ಕಂದು ಸಿಂಚನವಾಯಿತು. ಎರಡನೇ ದಿನ ಬಾಟಲಿ ಕಂಡದ್ದೇ ತಡ, ನಾಯಿ ಮಂಚದಡಿ ಸೇರಿತು. ಕಿವಿ ಉಳಿಸಲು ಹೋಗಿ ನಾಯಿಯ ಪ್ರೀತಿಯನ್ನೇ ಕಳೆದುಕೊಂಡರೆ ಏನು ಬಂತು? ಮೂರನೇ ದಿನದಿಂದ ಅವರು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕೆಲಸ ಮಾಡತೊಡಗಿದರು. (ಏಕಾಗ್ರತೆಗೆ, ಎಂದು ಹೇಳಿದರು.) ದೊರೆ ದಾರಿಗೆ ಬಂದ.

ಐದು ವಾರ ಕಳೆಯಿತು. ಆರನೇ ವಾರ ಕಿವಿ ಮತ್ತೆ ಕೆಂಪು.

ಯಜಮಾನರು ಅಂಗಡಿಗೆ ಬೀಗ ಹಾಕಿ ಬಂದು ನಡುಮನೆಯಲ್ಲಿ ವಿಚಾರಣೆಗೆ ಕುಳಿತರು. "ಈ ಮನೇಲಿ ಯಾರೋ ಕದ್ದು ತಿನ್ನಿಸ್ತಿದ್ದೀರಿ. ನಿಜ ಹೇಳಿ. ಆ ಮೂಕಪ್ರಾಣಿ ಕಿವುಡಾಗ್ತಾನೆ, ಗೊತ್ತಾ?" ಎಂದರು.

"ನಾನಂತೂ ಬಾಗಿಲು ಹಾಕ್ಕೊಂಡು ಊಟ ಮಾಡ್ತಿದ್ದೀನಪ್ಪ, ಕಳ್ಳಿ ತರ," ಎಂದಳು ಮಗಳು.

"ಅತ್ತೆ, ನಿಮ್ಮ ತಟ್ಟೆ ಸುತ್ತ ಯಾವಾಗಲೂ ಚೂರು ಬಿದ್ದಿರುತ್ತೆ."

"ಅಳಿಯಂದಿರೇ," ಅತ್ತೆಯವರ ದನಿ ನಡುಗಿತು, "ಆರು ವಾರದಿಂದ ನಾನು ಹಪ್ಪಳ ಮುರಿದಿಲ್ಲ, ಸದ್ದಿಗೆ ಅವನು ಬಂದಾನು ಅಂತ. ಈ ವಯಸ್ಸಲ್ಲಿ ನಾಯಿಗೋಸ್ಕರ ಈ ಮಾತು ಕೇಳ್ಬೇಕಾ ನಾನು?" ಎಂದು ಎದ್ದುಹೋದರು. ಹೆಂಡತಿ ಡಾಕ್ಟರಮ್ಮನಿಗೆ ಫೋನು ಹಚ್ಚಿದಳು. ಅದು ಶುಭಲಕ್ಷಣವಲ್ಲ.

ಮಾರನೆಯ ದಿನ ನಾಲ್ವರೂ ಡಾಕ್ಟರಮ್ಮನ ಮುಂದೆ ಸಾಲಾಗಿ ನಿಂತರು. ಪ್ರತಿಯೊಬ್ಬರಿಗೂ ತಾನು ನಿರಪರಾಧಿ ಎಂಬ ದೃಢವಾದ ನಂಬಿಕೆ. ಡಾಕ್ಟರಮ್ಮ ಕಿವಿ ನೋಡಿದರು, ಹುಬ್ಬು ಗಂಟಿಕ್ಕಿದರು.

"ತೊಳೆಯೋವಾಗ ಗಲಾಟೆ ಮಾಡ್ತಾನಾ?"

"ಎಲ್ಲಾದ್ರೂ ಉಂಟೇ!" ಯಜಮಾನರು ಎದೆಯುಬ್ಬಿಸಿದರು. "ನಾನು ಬಾಟಲಿ ತೆಗೆದ್ರೆ ಸಾಕು, ಬಾಲ ಅಲ್ಲಾಡಿಸ್ಕೊಂಡು ತಾನೇ ಬಂದು ಕಿವಿ ಕೊಡ್ತಾನೆ."

"ಭೇಷ್! ಹೇಗೆ ಸಾಧಿಸಿದ್ರಿ?"

"ಕೈಚಳಕ, ಡಾಕ್ಟ್ರೇ. ಮೂವತ್ತು ವರ್ಷದ ಅನುಭವ. ಆಮೇಲೆ ಒಂದೊಂದು ಕಿವಿ ತೊಳೆದಾಗ್ಲೂ ಅರ್ಧರ್ಧ ಬಿಸ್ಕತ್ತು, ಅಷ್ಟೇ."

ಮನೆಯವರ ಮೂರು ತಲೆಗಳೂ ಒಟ್ಟಿಗೆ ಯಜಮಾನರತ್ತ ತಿರುಗಿದವು.

"ಬಿಸ್ಕತ್ತು?" ಎಂದರು ಡಾಕ್ಟರಮ್ಮ.

"ಅದು ಊಟ ಅಲ್ಲವಲ್ಲ," ಯಜಮಾನರ ದನಿ ಇಳಿಯುತ್ತಾ ಬಂತು, "ಅದು... ಸಂಭಾವನೆ."

"ಸ್ವಾಮಿ, ಗೋಧಿ, ಹಾಲು, ಬೆಣ್ಣೆ, ಯಾವ್ಯಾವುದನ್ನ ಇವನ ಬಾಯಿಂದ ದೂರ ಇಡೋಕೆ ನಾನು ಆರು ವಾರ ಒದ್ದಾಡಿದ್ನೋ, ಎಲ್ಲಾನೂ ಆ ಸಂಭಾವನೇಲಿ ಇದೆ. ಮತ್ತೆ ಒಂದನೇ ದಿನದಿಂದ ಶುರು ಮಾಡಿ."

"ಬೇಲಿನೇ ಎದ್ದು ಹೊಲ ಮೇಯ್ತಂತೆ," ಎಂದರು ಅತ್ತೆಯವರು. ಏಳು ವರ್ಷಗಳಲ್ಲಿ ಅಷ್ಟು ಸಂತೋಷ ಅವರ ಮುಖದಲ್ಲಿ ಯಾರೂ ಕಂಡಿರಲಿಲ್ಲ. ಯಜಮಾನರು ನಾಯಿಯ ತಲೆ ನೇವರಿಸುತ್ತಾ, "ತಪ್ಪಾಯ್ತು ಕಣೋ, ನಾನೇ ನಿನಗೆ ಹೀಗೆ ಮಾಡಿಬಿಟ್ಟೆ," ಎಂದಾಗ ಮಾತ್ರ ಅತ್ತೆಯವರೂ ಮುಖ ಅತ್ತ ತಿರುಗಿಸಿಕೊಂಡರು.

ಅಂದಿನಿಂದ ಬಿಸ್ಕತ್ತಿನ ಡಬ್ಬಿ ಅತ್ತೆಯವರ ಬೀರುವಿನಲ್ಲಿ ಸೆರೆಯಾಯಿತು. ಬಚ್ಚಲುಮನೆಗೆ ಹೋಗುವ ಮುನ್ನ ಯಜಮಾನರ ಜೇಬುಗಳನ್ನು ಮಗಳು ತಡಕುತ್ತಿದ್ದಳು. ಎಂಟು ವಾರ ಮುಗಿಯುವ ಹೊತ್ತಿಗೆ ವಾಸನೆ ಹೋಯಿತು, ಕೆಂಪು ಹೋಯಿತು, ತಲೆ ಕೊಡವುವುದೂ ನಿಂತಿತು. ಮನೆಯವರೆಲ್ಲ ಉಸಿರು ಬಿಟ್ಟರು. ಯಜಮಾನರ ಉಸಿರು ಮಾತ್ರ ಅಲ್ಲೇ ನಿಂತಿತ್ತು, ಏಕೆಂದರೆ ಅವರು "ದೊರೆ" ಎಂದರೆ ನಾಯಿ ತಿರುಗಿಯೂ ನೋಡುತ್ತಿರಲಿಲ್ಲ. ಹತ್ತಿರ ಹೋಗಿ ಕರೆದರು, ಕೂಗಿ ಕರೆದರು. ಊಹೂಂ. ಅನ್ನ ಇಳಿಯದೆ, ಹೆಂಡತಿಯನ್ನು ಕರೆದುಕೊಂಡು ಮತ್ತೆ ಆಸ್ಪತ್ರೆಗೆ ಓಡಿದರು.

"ಡಾಕ್ಟ್ರೇ, ಹೋಯ್ತು. ಕಿವಿ ಹೋಯ್ತು," ಎನ್ನುವಾಗ ಕಣ್ಣು ತುಂಬಿತ್ತು.

ಡಾಕ್ಟರಮ್ಮ ಎರಡೂ ಕಿವಿಗಳನ್ನು ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ಪಕ್ಕದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಬಿಸ್ಕತ್ತಿನ ಖಾಲಿ ಪೊಟ್ಟಣವೊಂದನ್ನು ಮೆಲ್ಲಗೆ ಪರಪರ ಅನ್ನಿಸಿದರು. ದೊರೆ ಹಗ್ಗದ ಸಮೇತ ಯಜಮಾನರನ್ನು ಆ ಬಾಗಿಲವರೆಗೂ ಎಳೆದೊಯ್ದ.

"ಕಿವಿ ಬಂಗಾರದ ಹಾಗಿದೆ," ಎಂದರು ಡಾಕ್ಟರಮ್ಮ, ಬಾಗಿಲು ತೆರೆದು. "ಬಿಸ್ಕತ್ತಿಲ್ಲದ ಕರೆಗೆ ಓಗೊಡೋದು ಬೇಡ ಅಂತ ತೀರ್ಮಾನ ಮಾಡಿದ್ದಾನೆ, ಅಷ್ಟೇ. ಇದಕ್ಕೆ ಜಾಣ ಕಿವುಡು ಅಂತಾರೆ. ಇದಕ್ಕೆ ನನ್ನ ಹತ್ರ ಔಷಧಿ ಇಲ್ಲ."

"ಇದ್ದಿದ್ರೆ," ಎಂದಳು ಹೆಂಡತಿ ನಿಟ್ಟುಸಿರಿಟ್ಟು, "ಇಪ್ಪತ್ತು ವರ್ಷದ ಹಿಂದೇನೇ ಇವರನ್ನ ಕರ್ಕೊಂಡು ಬರ್ತಿದ್ದೆ."